ದನಿಯ ಹಿಂದಿನ ದುಡಿಮೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಬೆಳಗೋಡಿನ ನಮ್ಮ ಮನೆಯ ಜಗುಲಿಗೆ ಜನ ಬರುವುದು ಪ್ರತಿ ವರ್ಷದ ವಾಡಿಕೆ. ಸೈನ್ಸೋ ಕಾಮರ್ಸೋ, ಹಾಸನವೋ ಸಕಲೇಶಪುರವೋ ಎಂದು ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳಿ ಕಳಿಸುತ್ತೇನೆ. ಈ ಸಲ ಕಾಫಿ ತೋಟವೊಂದರಲ್ಲಿ ರೈಟರ್ ಆಗಿರುವ ತಂದೆಯೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಆದರೂ ತಂದೆಯ ಮುಖದಲ್ಲಿ ಗೆಲುವಿರಲಿಲ್ಲ.

"ಸಾರ್, ಇವ್ನು ಹಾಡು ಬರೀತಾನಂತೆ, ರೆಕಾರ್ಡ್ ಮಾಡ್ತಾನಂತೆ. ಅದೂ ಗಿಟಾರ್ ಹಿಡ್ಕೊಂಡು ಕೂಗೋ ರಾಕ್ ಹಾಡು. ಅದ್ರಲ್ಲಿ ಅನ್ನ ಹುಟ್ಟುತ್ತಾ? ನೀವೇ ಒಂದು ಮಾತು ಹೇಳಿ" ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಹಾಡುವ ಮಕ್ಕಳಿಗೆ ಬುದ್ಧಿ ಹೇಳಲು ನನಗೆ ಸ್ವಲ್ಪ ಅಳುಕು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು, ಹುಡುಗ ಹೇಳುತ್ತಿರುವ ಕೆಲಸವಾದರೂ ಏನು ಎಂದು ನೋಡೋಣ.

ಸಿನಿಮಾದಲ್ಲಿ ಪ್ರೊಡ್ಯೂಸರ್ ಎಂದರೆ ಹಣ ಹೂಡುವ ನಿರ್ಮಾಪಕ. ಧ್ವನಿಮುದ್ರಣದ ಲೋಕದಲ್ಲಿ ಈ ಮಾತಿಗೆ ಅರ್ಥ ಬೇರೆ. ಯಾವ ಹಾಡನ್ನು ಆರಿಸಬೇಕು, ಅದಕ್ಕೆ ಯಾವ ವಾದ್ಯ ಒಪ್ಪುತ್ತದೆ, ಹಾಡುಗಾರ ಹತ್ತು ಸಲ ಹಾಡಿದ್ದರಲ್ಲಿ ಯಾವುದು ಸರಿ, ಎಲ್ಲಿ ಇನ್ನೊಮ್ಮೆ ಹಾಡಿಸಬೇಕು, ಇವನ್ನೆಲ್ಲ ತೀರ್ಮಾನಿಸುವವನೇ ಇಲ್ಲಿ ಪ್ರೊಡ್ಯೂಸರ್. ಅವನ ಬಂಡವಾಳ ಕಿವಿ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹೆಸರನ್ನು ಬಹಳ ಮಂದಿ ಕೇಳಿರಬಹುದು. 1962ರಲ್ಲಿ ಆ ಹುಡುಗರನ್ನು ಆರಿಸಿ ಅವರ ಹಾಡುಗಳನ್ನು ಮುದ್ರಿಸತೊಡಗಿದ ಜಾರ್ಜ್ ಮಾರ್ಟಿನ್ ಸ್ವತಃ ರಾಕ್ ಹಾಡುಗಾರರಲ್ಲ. ಶಾಸ್ತ್ರೀಯ ಸಂಗೀತ ಕಲಿತು ಓಬೋ ನುಡಿಸುತ್ತಿದ್ದವರು. 1965ರ 'ಯೆಸ್ಟರ್‌ಡೇ' ಹಾಡಿಗೆ ಪಿಟೀಲಿನ ಜಾತಿಯ ನಾಲ್ಕು ವಾದ್ಯಗಳನ್ನು ಸೇರಿಸೋಣ ಎಂದವರು ಅವರೇ. ಹಾಡಿದವರು ಬೇರೆ, ಹಾಡನ್ನು ತಿದ್ದಿ ನಿಲ್ಲಿಸಿದವರು ಬೇರೆ.

ನಮ್ಮ ಕನ್ನಡದಲ್ಲಿ ಈ ಕೆಲಸಗಳೆಲ್ಲ ಬಹುಪಾಲು ಸಂಗೀತ ನಿರ್ದೇಶಕನೊಬ್ಬನ ಹೆಗಲ ಮೇಲೇ ಬೀಳುತ್ತವೆ. 1987ರ 'ಪ್ರೇಮಲೋಕ' ಚಿತ್ರಕ್ಕೆ ಹಾಡುಗಳನ್ನು ಬರೆದವರೂ ರಾಗ ಹಾಕಿದವರೂ ಹಂಸಲೇಖ ಅವರೇ. ಆದರೆ ಆ ತಂದೆಗೆ ನಾನು ಹೇಳಿದ್ದು ನಮ್ಮ ಜಿಲ್ಲೆಯವರೇ ಆದ ಸಿ. ಅಶ್ವಥ್ ಅವರ ಕಥೆಯನ್ನು.

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಚನ್ನರಾಯಪಟ್ಟಣದಲ್ಲಿ. ಓದಿದ್ದು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ, ವಿಜ್ಞಾನದ ಪದವಿ. ದೇವಗಿರಿ ಶಂಕರ ಜೋಶಿ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಹೊಟ್ಟೆಪಾಡಿಗೆ ಸೇರಿದ್ದು ಬೆಂಗಳೂರಿನ ಐಟಿಐ ಕಾರ್ಖಾನೆಯನ್ನು, ಅಂದರೆ ದೇಶಕ್ಕೆಲ್ಲ ಟೆಲಿಫೋನ್ ತಯಾರಿಸಿಕೊಟ್ಟ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅನ್ನು. ಅಲ್ಲಿ 27 ವರ್ಷ ದುಡಿದರು.

ಇಲ್ಲಿ ವಿಜ್ಞಾನದ ಮೇಷ್ಟ್ರಾದ ನನಗೆ ಒಂದು ಸ್ವಾರಸ್ಯ ಕಾಣುತ್ತದೆ. ಹಳೆಯ ಟೆಲಿಫೋನ್ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳನ್ನಷ್ಟೇ ಸಾಗಿಸುತ್ತಿತ್ತು. ಮಾತು ಅರ್ಥವಾಗಲು ಅಷ್ಟು ಸಾಕು. ಆದರೆ ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ತಬಲದ ಎಡದ ಗುಮ್ಮಿಕೆ, ತಂಬೂರಿಯ ಝೇಂಕಾರ, ಹಾಡುಗಾರ ಉಸಿರೆಳೆದುಕೊಳ್ಳುವ ಸದ್ದು, ಇವೆಲ್ಲ ಸರಿಯಾಗಿ ಕೇಳಬೇಕಾದರೆ ಟೆಲಿಫೋನಿನ ಕಿಂಡಿ ಸಾಲದು. ಹಗಲು ಮಾತು ಸಾಗಿಸುವ ಯಂತ್ರದ ಕಾರ್ಖಾನೆ, ಉಳಿದ ಹೊತ್ತಿನಲ್ಲಿ ಆ ಯಂತ್ರಕ್ಕೆ ಸಿಗದ ನಾದದ ಹುಡುಕಾಟ. ಹೀಗೆ ನಡೆಯಿತು ಅವರ ಬದುಕು.

1977ರಲ್ಲಿ 'ಕಾಕನಕೋಟೆ' ಚಿತ್ರಕ್ಕೆ ಸಂಗೀತ ಕೊಟ್ಟರು. ಎಲ್. ವೈದ್ಯನಾಥನ್ ಅವರೊಡನೆ ಸೇರಿ 'ಅಶ್ವಥ್-ವೈದಿ' ಎಂಬ ಹೆಸರಿನಲ್ಲಿ ದುಡಿದರು. 'ಸಂತ ಶಿಶುನಾಳ ಶರೀಫ' (1990), 'ಮೈಸೂರು ಮಲ್ಲಿಗೆ' (1992), 'ನಾಗಮಂಡಲ' (1997) ಚಿತ್ರಗಳ ಹಾಡುಗಳು ಮನೆಮಾತಾದವು. ಅದಕ್ಕಿಂತ ದೊಡ್ಡದು ಕ್ಯಾಸೆಟ್ಟಿನ ಕೆಲಸ. ಪುಸ್ತಕದಲ್ಲಿದ್ದ ಭಾವಗೀತೆಗಳನ್ನೂ ಉತ್ತರ ಕರ್ನಾಟಕದ ಶರೀಫರ ತತ್ವಪದಗಳನ್ನೂ ನಮ್ಮ ಮಲೆನಾಡಿನ ಅಡುಗೆಮನೆಗೆ ತಂದದ್ದು ಆ ಕ್ಯಾಸೆಟ್ಟುಗಳೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತ್ತು. 2009ರಲ್ಲಿ, ತಮ್ಮ ಹುಟ್ಟಿದ ದಿನದಂದೇ ಅವರು ತೀರಿಕೊಂಡರು.

ಹಾಗಾದರೆ ರಾಕ್ ಸಂಗೀತ ನಮ್ಮದಲ್ಲವೇ? ಅದೇ ಶರೀಫರ ಪದಗಳನ್ನು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಗಿಟಾರು, ಡ್ರಮ್ಮುಗಳ ಜೊತೆ ಹಾಡಿದರು. ಅವರು ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ. ವಾದ್ಯ ಬದಲಾದರೂ ಪದ ಉಳಿಯಿತು. ಆದ್ದರಿಂದ ಗಿಟಾರ್ ಕಂಡ ಕೂಡಲೇ ಪಾಲಕರು ಹೆದರಬೇಕಾದ್ದಿಲ್ಲ.

ಹೆದರಬೇಕಾದದ್ದು ಬೇರೆ ಒಂದಿದೆ. ನನ್ನ ಅಳುಕಿನ ಕಾರಣವೂ ಅದೇ. ಸುಮಾರು 25 ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಏಳನೆಯ ತರಗತಿಯಿಂದಲೂ ಪ್ರಾರ್ಥನೆಗೆ ಅವನದೇ ದನಿ. ಒಂಬತ್ತನೆಯ ತರಗತಿಯಲ್ಲಿ ವಾರ್ಷಿಕೋತ್ಸವಕ್ಕೆ ಹಾಡಲು ಹೇಳಿದಾಗ "ಬೇಡ ಸಾರ್, ಗಂಟಲು ಸರಿ ಇಲ್ಲ" ಎಂದ. ಸೋಮಾರಿತನ ಎಂದುಕೊಂಡು ನಾನು ಗದರಿದೆ. ಹಳೆಯ ಶ್ರುತಿಯಲ್ಲೇ ಹಾಡಿಸಿದೆ. ವೇದಿಕೆಯ ಮೇಲೆ ಅವನ ದನಿ ಒಡೆಯಿತು. ಸಭೆ ನಕ್ಕಿತು. ಆಮೇಲೆ ಅವನು ಹಾಡಿದ್ದನ್ನು ನಾನು ಕೇಳಲಿಲ್ಲ.

ಗಂಡುಮಕ್ಕಳು ಹರೆಯಕ್ಕೆ ಬರುವಾಗ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ವಯಸ್ಕ ಗಂಡಸು ಮಾತನಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 125 ಸಲ ಕಂಪಿಸುತ್ತವೆ; ಹೆಂಗಸರಲ್ಲಿ ಸುಮಾರು 200 ಸಲ. ದನಿ ಬದಲಾಗುವ ತಿಂಗಳುಗಳಲ್ಲಿ ಹಳೆಯ ಶ್ರುತಿಗೆ ಏರಿಸಲು ಹಟ ಹಿಡಿಯಬಾರದು. ಬಲವಂತವಾಗಿ ದಿನವೂ ಕೂಗಿದರೆ ಯಾವ ವಯಸ್ಸಿನಲ್ಲಾದರೂ ತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳಾಗಬಹುದು. ಇದೆಲ್ಲ ನಾನು ಬಿ.ಎಸ್‌ಸಿ.ಯಲ್ಲಿ ಓದಿದ್ದೇ. ಪರೀಕ್ಷೆಗೆ ಓದಿದ್ದು ಆ ದಿನ ನೆನಪಿಗೆ ಬರಲಿಲ್ಲ, ಅಷ್ಟೆ.

ದನಿ ತಿದ್ದುವ ಗುರುವಿನ ಮೊದಲ ಕೆಲಸ ಹಾಡಿಸುವುದಲ್ಲ. ಯಾವಾಗ ಹಾಡಿಸಬಾರದು ಎಂದು ತಿಳಿಯುವುದು. ಉಸಿರು ಹೇಗೆ ಹಿಡಿಯಬೇಕು, ಶ್ರುತಿ ಎಲ್ಲಿಡಬೇಕು, ಯಾವ ಅಕ್ಷರದ ಮೇಲೆ ಒತ್ತಬಾರದು ಎಂದು ಹೇಳಿಕೊಡುವುದು ಆಮೇಲೆ. ರಾಕ್ ಹಾಡುವವರಿಗಂತೂ ಇಂಥ ಗುರು ಬೇಕೇ ಬೇಕು. ಕೇಳುವವರಿಗೆ ಕೂಗಿನಂತೆ ಕೇಳಿದರೂ ಪಳಗಿದ ಹಾಡುಗಾರ ಗಂಟಲನ್ನು ಹರಿದುಕೊಳ್ಳುವುದಿಲ್ಲ.

ಇನ್ನು ಅನ್ನದ ಮಾತು. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಒಂದು ಸಲ ಹಣ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಮೊದಲು ಹೆಚ್ಚಾಗಿತ್ತು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಸಿನಿಮಾ ಅಥವಾ ಧ್ವನಿಮುದ್ರಿಕೆಯಲ್ಲಿ ಸೇರಿದ ಹಾಡು ಬೇರೆಡೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಅವರಿಗೂ ಪಾಲಿದೆ. ಆ ಹಕ್ಕನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ಓದದೆ ಸಹಿ ಹಾಕಬಾರದು ಎಂಬ ಪಾಠವನ್ನು ಹಾಡು ಬರೆಯುವ ಮಕ್ಕಳು ಮೊದಲೇ ಕಲಿಯಬೇಕು. ಧ್ವನಿಮುದ್ರಣವನ್ನೇ ಕಲಿಯುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆ, ಪುಣೆಯ ಚಲನಚಿತ್ರ ಸಂಸ್ಥೆಗಳಿವೆ. ಸಂಗೀತಕ್ಕೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವಿದೆ. ಪ್ರವೇಶದ ನಿಯಮಗಳನ್ನು ಆಯಾ ವರ್ಷ ನೇರವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ತಂದೆಗೆ ನಾನು ಹೇಳಿದ್ದು ಇಷ್ಟೇ: "ಅಶ್ವಥ್ ಅವರಂತೆ ನೌಕರಿ ಮಾಡು ಎಂದು ಮಗನನ್ನು ಹೆದರಿಸಬೇಡಿ. ಅವರಂತೆ ಆಗಿಯೇ ಆಗುತ್ತಾನೆ ಎಂದು ಕನಸೂ ಕಟ್ಟಬೇಡಿ. ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳಲಿ. ತರಂಗ, ಕಂಪನ, ವಿದ್ಯುತ್ತು, ಇವೇ ನಾಳೆ ಸ್ಟುಡಿಯೋದಲ್ಲಿ ಬೇಕಾಗುವ ಪಾಠಗಳು. ಜೊತೆಗೆ ವಾರಕ್ಕೆರಡು ದಿನ ಒಬ್ಬ ಗುರುವಿನ ಹತ್ತಿರ ಕಳಿಸಿ."

ಹುಡುಗ ಆಗ ತಲೆ ಎತ್ತಿ, "ಸಾರ್, ಒಂದು ಹಾಡು ಹೇಳ್ಲಾ?" ಎಂದ. ಒಂದು ಕ್ಷಣ ತಡೆದು, "ಗಂಟಲು ಹೇಗಿದೆಯಪ್ಪ?" ಎಂದು ಕೇಳಿದೆ. "ಚೆನ್ನಾಗಿದೆ ಸಾರ್" ಎಂದ ಮೇಲೆಯೇ ಹಾಡು ಎಂದೆ.