ಏಕಲವ್ಯನ ಹೆಸರು ಸಾಕು, ಕೋಚ್ ಕೊಡಿ

ನಮ್ಮ ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಯ ಹೆಸರು ಏಕಲವ್ಯ. ಗುರುವಿಲ್ಲದೆ, ಮಣ್ಣಿನ ಬೊಂಬೆ ಮುಂದಿಟ್ಟುಕೊಂಡು ಬಿಲ್ಲು ಕಲಿತ ಹುಡುಗ. ಹೆಸರೇನೋ ಚೆನ್ನಾಗಿದೆ. ಆದರೆ ನಮ್ಮ ಹಳ್ಳಿ ಮಕ್ಕಳು ಇಂದಿಗೂ ಬೊಂಬೆ ನೋಡಿಕೊಂಡೇ ಕಲಿಯಬೇಕೇ? ಈಗ ಆ ಬೊಂಬೆ ಮೊಬೈಲ್‌ನಲ್ಲಿದೆ, ಅಷ್ಟೇ.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ಬಿಲ್ಲುಗಾರಿಕೆಗೆ ಇದ್ದದ್ದು ಐದು ಚಿನ್ನ. ಐದೂ ಭಾರತಕ್ಕೇ ಬಂದವು. ಆ ತಂಡದ ಕೋಚ್ ಇಟಲಿಯ ಸೆರ್ಜಿಯೊ ಪಾಗ್ನಿ. ಅವರೇ ಕಾಂಪೌಂಡ್‌ನಲ್ಲಿ ವಿಶ್ವಕಪ್ ಗೆದ್ದವರು.

ಗೆದ್ದವರೇ ಏಕೆ ಬೇಕು? ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ ಚಕ್ರಗಳಿರುತ್ತವೆ. ಪೂರ್ತಿ ಎಳೆದ ಮೇಲೆ ಭಾರ ಬಹಳ ಇಳಿಯುತ್ತದೆ. ಬಾಣ ಬಿಡಲು ಕೈಯಲ್ಲಿ ಒಂದು ಸಣ್ಣ ಸಲಕರಣೆ. ಗುರಿ 50 ಮೀಟರ್ ದೂರ, ಹತ್ತು ಅಂಕದ ವೃತ್ತ ಬರೀ 8 ಸೆಂಟಿಮೀಟರ್. ಇಲ್ಲಿ ಸೋಲುವುದು ತೋಳಲ್ಲ, ಮನಸ್ಸು. ಬಾಣ ಬಿಡುವ ಕ್ಷಣದಲ್ಲಿ ಬೆರಳು ಬೆದರುತ್ತದೆ. ಆ ಬೆದರಿಕೆಯನ್ನು ತಾನೇ ದಾಟಿ ಬಂದವರಿಗೆ ಅದರ ಮದ್ದೂ ಗೊತ್ತಿರುತ್ತದೆ.

ಬೆಳಗಾವಿ, ಕೊಲ್ಹಾಪುರ ದಾಟಿದರೆ ಸಾತಾರ. ಅಲ್ಲಿನ ಅದಿತಿ ಸ್ವಾಮಿ 2023ರಲ್ಲಿ 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಳು. ಅಭ್ಯಾಸ ಮಾಡಿದ್ದು ಕಬ್ಬಿನ ಗದ್ದೆಯಲ್ಲಿ. ಕಲಿಸಿದವರು ಪ್ರವೀಣ್ ಸಾವಂತ್ ಎಂಬ ಪೊಲೀಸ್ ಕಾನ್‌ಸ್ಟೆಬಲ್. ಕಬ್ಬಿನ ಗದ್ದೆ ಮಂಡ್ಯದಲ್ಲೂ ಇದೆ. ಇಲ್ಲದ್ದು ಕಲಿಸುವವರು.

ನಾವು ಓದಿದ್ದು ಜ್ಞಾನಭಾರತಿಯಲ್ಲಿ. ಅಲ್ಲೇ ಇದೆ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ. ಈಗ ಅಲ್ಲಿಗೆ ಮೆಟ್ರೊ ಕೂಡ ಹೋಗುತ್ತದೆ. ಆದರೆ ಹಳ್ಳಿ ಹುಡುಗಿ ದಿನಾ ಸಂಜೆ ಶಾಲೆ ಬಿಟ್ಟು ಜ್ಞಾನಭಾರತಿಗೆ ಬರಲಾರಳು. ಕೋಚ್ ಅವಳ ತಾಲ್ಲೂಕಿಗೆ ಹೋಗಬೇಕು.

ಅದಕ್ಕೊಂದು ಯೋಜನೆಯೂ ಇದೆ. ಹಿಂದೆ ಪದಕ ಗೆದ್ದ ಕ್ರೀಡಾಪಟುಗಳನ್ನೇ ಕೋಚ್ ಮಾಡುವ ಖೇಲೋ ಇಂಡಿಯಾ ಕೇಂದ್ರಗಳು. 2021ರಲ್ಲಿ ಕರ್ನಾಟಕಕ್ಕೆ ಮಂಜೂರಾದವು 31, ಹಣ 3.10 ಕೋಟಿ. ಅಂದರೆ ಕೇಂದ್ರಕ್ಕೆ 10 ಲಕ್ಷ: ಒಮ್ಮೆಗೆ 5, ವರ್ಷಕ್ಕೆ 5. ಆ ವರ್ಷದ 5 ಲಕ್ಷದಲ್ಲೇ ಕೋಚ್‌ಗೆ ಗೌರವಧನ, ಸಹಾಯಕರು, ಸಲಕರಣೆ, ಸ್ಪರ್ಧೆಯ ಖರ್ಚು ಎಲ್ಲವೂ ಆಗಬೇಕು. ಸ್ಪರ್ಧೆಗೆ ಸಲ್ಲುವ ಒಂದು ಕಾಂಪೌಂಡ್ ಬಿಲ್ಲಿನ ಸೆಟ್ಟೇ ಲಕ್ಷ ದಾಟುತ್ತದೆ. ಸಂಸಾರ ಇರುವ ಚಾಂಪಿಯನ್ ಇದನ್ನು ನಂಬಿ ಊರಲ್ಲಿ ನಿಲ್ಲುತ್ತಾನೆಯೇ?

ಗೆದ್ದವರೆಲ್ಲ ಒಳ್ಳೇ ಮೇಷ್ಟ್ರಾಗುತ್ತಾರಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ನಿಜ. ಅದಕ್ಕೇ ಅವರಿಗೆ ಕೋಚಿಂಗ್ ಡಿಪ್ಲೊಮಾ ಕೊಡಿಸಿ, ಕಾಯಂ ಕೆಲಸ ಕೊಡಿ, ಆಮೇಲೆ ಲೆಕ್ಕ ಕೇಳಿ. ಗೌರವಧನ ಕೊಟ್ಟು ಗುರುವನ್ನು ಕೇಳಬೇಡಿ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಮೊದಲ ಸಲ ಸೇರಿದೆ. ಕಾಯಲು ಸಮಯವಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ಜಿಲ್ಲೆಯ ಖೇಲೋ ಇಂಡಿಯಾ ಕೇಂದ್ರ ಎಲ್ಲಿದೆ, ಯಾವ ಆಟಕ್ಕೆ, ಕೋಚ್ ಯಾರು, ಗೌರವಧನ ಎಂದಿನವರೆಗೆ ಬಂದಿದೆ ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಬಂದ ಉತ್ತರ ನಮಗೂ ಕಳಿಸಿ, ಹಾಕುತ್ತೇವೆ.