ಗಣಕದ ಸ್ಮೃತಿಯಲ್ಲಿ ಗಡಿಕಲ್ಲು

ಹಂಗಾರಕಟ್ಟೆಯಿಂದ ಹೊರಡುವ ದೋಣಿಗಳು ಸೀತಾ, ಸ್ವರ್ಣಾ ನದಿಗಳ ಅಳಿವೆಯನ್ನು ದಾಟಿ ಕಡಲನ್ನು ಸೇರಬೇಕು. ಅಳಿವೆಯ ಮರಳು ಇದ್ದಲ್ಲಿಯೇ ಇರುವಂಥದಲ್ಲ. ಪ್ರತಿಧ್ವನಿಯಿಂದ ಆಳವನ್ನು ಅಳೆದು ತೋರಿಸುವ ಪೆಟ್ಟಿಗೆಯನ್ನು ದೋಣಿಯವರು ನಂಬುವುದು ಸಹಜವಷ್ಟೆ. ಆ ಪೆಟ್ಟಿಗೆಯೊಳಗಿರುವುದೂ ಒಂದು ಪುಟ್ಟ ಗಣಕವೇ. ತಂತಿಯಲ್ಲಿಯೂ ಬಿಡಿಭಾಗದಲ್ಲಿಯೂ ಯಾವ ದೋಷವಿಲ್ಲದೆ ಇಂಥ ಗಣಕವು ತಪ್ಪು ಹೇಳುವ ಬಗೆಯೊಂದುಂಟು. ವಿದ್ಯಾರ್ಥಿಗಳಿಗೆ ಅದನ್ನು ತಕ್ಕಷ್ಟು ಕಲಿಸುತ್ತಿಲ್ಲವೆಂಬುದೇ ನಮ್ಮ ದೂರು.

ಬಂದರಿನಲ್ಲಿ ಮೀನಿನ ತೂಕವನ್ನು ಬರೆದಿಡುವ ಪುಸ್ತಕವೊಂದನ್ನು ಊಹಿಸಿಕೊಳ್ಳೋಣ. ಗುಮಾಸ್ತನು ಒಂದು ಪುಟವನ್ನು ಇಡಿಯಾಗಿ ನಕಲು ಮಾಡಿಕೊಂಡು ತನ್ನ ಮೇಜಿಗೆ ಒಯ್ದು, ಅದರಲ್ಲಿ ಒಂದು ಸಾಲನ್ನು ತಿದ್ದುತ್ತಾನೆ. ಅಷ್ಟರಲ್ಲಿ ತೂಗುವವನು ಮೂಲ ಪುಟದ ಇನ್ನೊಂದು ಸಾಲಿನಲ್ಲಿ ಹೊಸ ತೂಕವನ್ನು ಬರೆಯುತ್ತಾನೆ. ಗುಮಾಸ್ತನು ಬಂದು ತನ್ನ ನಕಲನ್ನು ಮೂಲದ ಮೇಲೆ ಅಂಟಿಸಿದನೆಂದರೆ ಹೊಸ ತೂಕ ಅಳಿದು ಹಳೆಯದೇ ಉಳಿಯಿತು! ಇಲ್ಲಿ ಗುಮಾಸ್ತನೆಂದರೆ ಪ್ರೊಸೆಸರ್, ಮೇಜೆಂದರೆ ಕ್ಯಾಷ್, ಪುಟವೆಂದರೆ ಸಾಮಾನ್ಯವಾಗಿ 64 ಬೈಟುಗಳ ತುಂಡು. ತೂಗುವವನು, ಪ್ರೊಸೆಸರಿನ ನೆರವಿಲ್ಲದೆ ಸ್ಮೃತಿಗೆ ನೇರವಾಗಿ ಬರೆಯುವ ಉಪಕರಣ.

ನಮ್ಮ ಮೇಜುಗಣಕಗಳಲ್ಲಿ ಇವರಿಬ್ಬರ ಹೊಂದಾಣಿಕೆಯನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಅಗ್ಗದ ಪುಟ್ಟ ಗಣಕಗಳಲ್ಲಿ ಅನೇಕಕ್ಕೆ ಆ ಏರ್ಪಾಡಿಲ್ಲ. ಆದುದರಿಂದ ಚಾಲಕ ತಂತ್ರಾಂಶವನ್ನು ಬರೆಯುವವರು ಸಕಾಲದಲ್ಲಿ ಕ್ಯಾಷಿನ ಹಳೆಯ ನಕಲನ್ನು ತೆಗೆಸಬೇಕು. ಅದಕ್ಕೂ ಮೊದಲು, ಉಪಕರಣಕ್ಕೆ ಪುಟದ ಅಂಚಿನಿಂದಲೇ ತೊಡಗಿ ಇಡೀ ಪುಟವನ್ನು ಬಿಟ್ಟುಕೊಡಬೇಕು.

ಎಂಟು ಬೈಟುಗಳಿಗಾಗಿ ಇಡೀ ಪುಟವೇ ಎಂದು ವಾಚಕರು ಕೇಳಬಹುದು, ಕೇಳತಕ್ಕ ಮಾತೇ. 64 ಬಿಟ್ಟಿನ ಆರ್ಮ್ ಯಂತ್ರಗಳಲ್ಲಿ ಲಿನಕ್ಸ್ ಕರ್ನೆಲ್ಲು ಬಹುಕಾಲ ಎಷ್ಟು ಸಣ್ಣ ಕೋರಿಕೆಗೂ 128 ಬೈಟುಗಳಿಗೆ ಕಡಿಮೆ ಕೊಡುತ್ತಿರಲಿಲ್ಲ. 2023ರ 6.5ನೆಯ ಆವೃತ್ತಿಯಲ್ಲಿ ಈ ಕನಿಷ್ಠ ಅಳತೆ 8ಕ್ಕೆ ಇಳಿಯಿತು. ಸಣ್ಣ ಜಾಗವನ್ನು ಉಪಕರಣಕ್ಕೆ ಒಪ್ಪಿಸಬೇಕಾದಾಗ ಪ್ರತ್ಯೇಕವಾದ ಜಾಗದಲ್ಲಿ ಬರೆಸಿ, ಅನಂತರ ನಕಲು ಮಾಡಿಕೊಳ್ಳುವ ವ್ಯವಸ್ಥೆಯಾಯಿತು. ನಕಲಿಗೆ ಕಾಲ ಹಿಡಿಯುವುದು ನಿಜ. ಆದರೂ ಸ್ಮೃತಿಯ ಅಭಾವವಿರುವುದು ಇಂಥ ಬಡ ಯಂತ್ರಗಳಿಗೇ ಆದುದರಿಂದ ಈ ಬದಲಾವಣೆ ಯುಕ್ತವೆಂದೇ ನಮ್ಮ ಮತ. ಆದರೆ ಇದರಿಂದ ಬರೆಯುವವನ ಹೊಣೆ ಇಳಿಯಿತೆಂದು ತಿಳಿಯುವವರೊಡನೆ ನಮಗೆ ಸಮ್ಮತಿಯಿಲ್ಲ. ದೊಡ್ಡದೊಂದು ರಚನೆಯ ನಡುವೆ ಉಪಕರಣದ ಜಾಗವನ್ನು ಅಂಚು ನೋಡದೆ ತುರುಕಿದವನನ್ನು ಕರ್ನೆಲ್ಲು ಎಲ್ಲ ವೇಳೆಯಲ್ಲಿಯೂ ಕಾಯಲಾರದು.

ಈ ದೋಷ ನಿತ್ಯವೂ ತೋರುವುದಿಲ್ಲ. ಗುಮಾಸ್ತನೂ ತೂಗುವವನೂ ಒಂದೇ ಗಳಿಗೆಯಲ್ಲಿ ಒಂದೇ ಪುಟಕ್ಕೆ ಕೈಹಾಕಿದಾಗ ಮಾತ್ರ ತೋರುತ್ತದೆ. ಮೇಜುಗಣಕದಲ್ಲಿ ಪರೀಕ್ಷಿಸಿದರೆ ಎಂದಿಗೂ ತೋರದಿರಬಹುದು. ಹೀಗಿರುವಾಗ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹೊಂದಾಣಿಕೆಯಿಲ್ಲದ ಅಗ್ಗದ ಫಲಕವೊಂದನ್ನು ಇರಿಸಿ, ವಿದ್ಯಾರ್ಥಿಗಳು ಬರೆದ ಚಾಲಕವನ್ನು ಅದರ ಮೇಲೆ ರಾತ್ರಿಯಿಡೀ ಓಡಿಸಿ ನೋಡುವುದಕ್ಕೆ ಏನು ಅಡ್ಡಿ?