ದುಡಿದ ಮೈಗೂ ವ್ಯಾಯಾಮ ಬೇಕೆ?

ವಾಚನಾಲಯದ ಬೆಂಚಿನ ಮೇಲೆ ಕುಳಿತು ಈ ತಲೆಬರಹ ಓದಿದಾಗ ನಿಮಗೆ ನಗು ಬಂದಿದ್ದರೆ ತಪ್ಪಿಲ್ಲ. ಬೆಳಗಿನಿಂದ ಬೈಗಿನವರೆಗೆ ಕೆಸರು ತುಳಿದವನಿಗೆ, ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ತಂದವಳಿಗೆ ವ್ಯಾಯಾಮ ಮಾಡಿ ಎನ್ನುವುದು ಮೀನಿಗೆ ಈಜು ಕಲಿಸಲು ಹೋದ ಹಾಗೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ.

ಕುಂಬಾರವಾಡದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ವಯಸ್ಸು ಅರವತ್ತರ ಆಚೀಚೆ. ಸಕ್ಕರೆ ಕಾಯಿಲೆಯೆಂದು ಗೊತ್ತಾಗಿ ಎರಡು ವರ್ಷವಾಗಿತ್ತು. "ಡಾಕ್ಟರು ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗು ಅಂದರು. ನಾನು ಹೋಗಬಲ್ಲೆ. ಆದರೆ ಆ ಹೊತ್ತಿಗೆ ಕರಡಿಯೂ ವಾಕಿಂಗ್ ಹೊರಟಿರುತ್ತದಲ್ಲ!" ಎಂದು ನಕ್ಕರು. ನಗು ನಿಂತ ಮೇಲೆ ಒಂದು ಪ್ರಶ್ನೆ ಕೇಳಿದರು: "ಜೀವಮಾನವೆಲ್ಲ ದುಡಿದೆ. ಕುಳಿತು ತಿನ್ನುವವರ ರೋಗ ನನಗೆ ಯಾಕೆ ಬಂತು?"

ಕರಡಿಯ ಮಾತು ತಮಾಷೆಯದಲ್ಲ. ಜೋಯಿಡಾ ತಾಲೂಕಿನ ಬಹುಭಾಗ ಕಾಡು. 2007ರಲ್ಲಿ ಅಣಶಿ-ದಾಂಡೇಲಿ ಎಂಬ ಹೆಸರಿನಿಂದ ಹುಲಿ ಸಂರಕ್ಷಿತ ಪ್ರದೇಶವಾದದ್ದು, 2015ರಲ್ಲಿ ಕಾಳಿ ಎಂಬ ಹೆಸರು ಪಡೆದದ್ದು ಇದೇ ಅರಣ್ಯ. ಇಲ್ಲಿ ನಸುಕಿನಲ್ಲಿ ಒಬ್ಬರೇ ದಾರಿ ಹಿಡಿದು ಹೋಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಪೇಟೆಯ ಉದ್ಯಾನವನ್ನು ಕಣ್ಣ ಮುಂದೆ ಇಟ್ಟುಕೊಂಡು ಹೇಳಿದ ಸಲಹೆ ನಮ್ಮ ಮಜರೆಗಳಿಗೆ ಹೊಂದುವುದಿಲ್ಲ. ಹಾಗೆಂದು ಸಲಹೆಯನ್ನೇ ಬಿಟ್ಟುಬಿಡಬೇಕೆ? ಹಿರಿಯರ ಪ್ರಶ್ನೆಗೆ ಉತ್ತರ ಹುಡುಕಿದರೆ ಅದೂ ತಿಳಿದೀತು.

ಮೊದಲು ಒಂದು ಭ್ರಮೆ ಬಿಡಬೇಕು. ಸಕ್ಕರೆ ಕಾಯಿಲೆ ಈಗ ಪೇಟೆಯವರದು ಮಾತ್ರ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಹಳ್ಳಿಯ ವಯಸ್ಕರಲ್ಲಿ ಶೇಕಡಾ 8.9 ಮಂದಿಗೆ ಸಕ್ಕರೆ ಕಾಯಿಲೆ ಇದೆ. ಪಟ್ಟಣದಲ್ಲಿ ಶೇಕಡಾ 16.4. ಪಟ್ಟಣದವರೇ ಮುಂದಿದ್ದಾರೆ ಎಂದು ಸಮಾಧಾನ ಪಡುವ ಮೊದಲು ಇನ್ನೊಂದು ಅಂಕಿ ನೋಡಿ. ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಎನ್ನುವ ಸ್ಥಿತಿಯವರು ಪಟ್ಟಣದಲ್ಲಿ ಶೇಕಡಾ 15.4, ಹಳ್ಳಿಯಲ್ಲಿ 15.2. ಅಂದರೆ ಹೊಸ್ತಿಲಲ್ಲಿ ಹಳ್ಳಿ, ಪಟ್ಟಣ ಎಂಬ ಭೇದವೇ ಉಳಿದಿಲ್ಲ.

ಇದಕ್ಕೆ ಒಂದು ಕಾರಣ ನಮ್ಮ ಅಂಗಳದಲ್ಲೇ ಇದೆ. ನಮ್ಮ ಅಪ್ಪ ನೇಗಿಲ ಹಿಂದೆ ನಡೆಯುತ್ತಿದ್ದ. ಒಂದು ಎಕರೆ ಉಳುವಷ್ಟರಲ್ಲಿ ಎಷ್ಟು ಮೈಲಿ ನಡೆದನೆಂದು ಅವನು ಲೆಕ್ಕ ಇಟ್ಟವನಲ್ಲ. ಈಗ ಟಿಲ್ಲರ್ ಬಂದಿದೆ. ಅವ್ವ ಒನಕೆ ಹಿಡಿಯುತ್ತಿದ್ದಳು, ಬೀಸುಕಲ್ಲು ತಿರುವುತ್ತಿದ್ದಳು. ಈಗ ಮಿಲ್ಲು ಇದೆ. ಸಂತೆಗೆ ಕಾಲುದಾರಿಯಲ್ಲಿ ಹೋಗುತ್ತಿದ್ದೆವು. ಈಗ ಹೆಗಲಿಗೆ ಚೀಲ ಹಾಕಿಕೊಂಡು ಬೈಕು ಒದೆಯುತ್ತೇವೆ. ಅರ್ಧ ಫರ್ಲಾಂಗು ದೂರದ ಅಂಗಡಿಗೆ ಬೀಡಿ ತರಲೂ ಬೈಕೇ. ಇದನ್ನು ದೂರಲು ನಾನು ಬಂದಿಲ್ಲ. ಒನಕೆ ಮತ್ತೆ ಬರಲಿ ಎನ್ನುವವರು ಸಾಮಾನ್ಯವಾಗಿ ಒನಕೆ ಹಿಡಿಯಬೇಕಿಲ್ಲದ ಗಂಡಸರು. ಆದರೆ ಯಂತ್ರ ಬಂದಾಗ ಹೋದದ್ದು ಕಷ್ಟ ಮಾತ್ರವಲ್ಲ, ದಿನವೂ ಸಣ್ಣಗೆ ನಡೆಯುತ್ತಿದ್ದ ಮೈಯ ಚಲನೆಯೂ ಹೋಯಿತು. ಊಟದ ತಟ್ಟೆಯಲ್ಲಿ ಅನ್ನ ಮಾತ್ರ ನೇಗಿಲಿನ ಕಾಲದಷ್ಟೇ ಉಳಿಯಿತು. ಜೋಯಿಡಾದ ಗೆಡ್ಡೆ-ಗೆಣಸು ಹಿಂದೆ ಸರಿದು ಪಾಲಿಶ್ ಅಕ್ಕಿ ಮುಂದೆ ಬಂತು. ಅದು ಬೇರೆಯೇ ಲೇಖನದ ಮಾತು.

ಆದರೂ ನಾಟಿ, ಕೊಯಿಲು, ಹೊರೆ, ಕಟ್ಟಿಗೆ, ಕೊಟ್ಟಿಗೆ ಉಳಿದಿವೆಯಲ್ಲ, ಅದು ವ್ಯಾಯಾಮವಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ವಿಷಯ ತುಸು ತೊಡಕಿನದು, ನಿಧಾನವಾಗಿ ನೋಡೋಣ.

1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಇಡೀ ದಿನ ಕುಳಿತು ಬಸ್ಸು ನಡೆಸುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟು ಕೊಡುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ಅಂದಿನಿಂದ ಮೈ ಆಡಿಸುವ ಕೆಲಸ ಹೃದಯಕ್ಕೆ ಹಿತ ಎಂಬ ಮಾತು ನೆಲೆಯೂರಿತು. ಆದರೆ 2018ರಲ್ಲಿ ಹಲವು ದೇಶಗಳ ಸುಮಾರು 1,93,000 ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ತೀರ ಭಾರದ ದೈಹಿಕ ದುಡಿಮೆ ಮಾಡುವ ಗಂಡಸರಲ್ಲಿ, ಹಗುರ ಕೆಲಸದವರಿಗಿಂತ ಅಕಾಲ ಮರಣದ ಸಂಭವ ಶೇಕಡಾ 18ರಷ್ಟು ಹೆಚ್ಚು. ಬಿಡುವಿನಲ್ಲಿ ನಡೆದವರಿಗೆ, ಆಡಿದವರಿಗೆ ಒಳಿತು. ಹೊಟ್ಟೆಪಾಡಿಗಾಗಿ ಹೊರೆ ಹೊತ್ತವರಿಗೆ ಅದೇ ಒಳಿತು ಸಿಕ್ಕಿರಲಿಲ್ಲ. ಇದಕ್ಕೆ ಬಡತನ, ಬೀಡಿ, ಊಟದ ಕೊರತೆಯೇ ಕಾರಣವಿರಬಹುದೆಂದು ವಾದಿಸುವವರಿದ್ದಾರೆ. 2021ರಲ್ಲಿ ನಾರ್ವೆ ದೇಶದ ಗಂಡಸರ ಅಧ್ಯಯನ ಅಂಥ ಸಂಗತಿಗಳನ್ನು ಕಳೆದು ನೋಡಿದಾಗ ದುಡಿಯುವವರೇ ತುಸು ಹೆಚ್ಚು ಬಾಳಿದ್ದು ಕಂಡಿತು. ವಿದ್ವಾಂಸರ ಜಗಳ ಮುಗಿದಿಲ್ಲ. ಇವೆಲ್ಲ ಹೆಚ್ಚಾಗಿ ಹೊರದೇಶದ ಕಾರ್ಮಿಕರ ಲೆಕ್ಕ, ನಮ್ಮ ಗದ್ದೆಯದಲ್ಲ ಎಂಬುದನ್ನೂ ಮರೆಯಬಾರದು.

ಆದರೆ ಅದರ ಹಿಂದಿನ ವಿವರಣೆ ನನಗೆ ನಮ್ಮ ಊರಿನದೇ ಅನ್ನಿಸಿತು. ಬೀಸುಗಾಲಿನಲ್ಲಿ ಅರ್ಧ ಗಂಟೆ ನಡೆದರೆ ಎದೆಬಡಿತ ಏರುತ್ತದೆ, ರಕ್ತನಾಳ ಸಡಿಲಗೊಳ್ಳುತ್ತದೆ, ಬಳಿಕ ಮೈಗೆ ವಿಶ್ರಾಂತಿ ಸಿಗುತ್ತದೆ. ಆ ವಿಶ್ರಾಂತಿಯಲ್ಲಿಯೇ ಮೈ ಗಟ್ಟಿಯಾಗುವುದು. ನಾಟಿಯಲ್ಲಿ ಏನಾಗುತ್ತದೆ? ಎಂಟು ಗಂಟೆ ಬಗ್ಗಿ ನಿಲ್ಲುತ್ತೇವೆ. ಎದೆಬಡಿತ ಅಷ್ಟೇನೂ ಏರದು, ಸೊಂಟ ಮಾತ್ರ ಮುರಿಯುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಧಿಗ್ಗನೆ ಮೇಲೇರುತ್ತದೆ. ದಣಿದೆ ಎಂದು ನಿಲ್ಲಿಸುವ ಹಾಗಿಲ್ಲ. ಮಳೆ ಕಾಯುವುದಿಲ್ಲ, ಆಳುಗಳು ಕಾಯುವುದಿಲ್ಲ. ರಾತ್ರಿ ಕಳೆಯುವ ಮೊದಲೇ ಮರುದಿನದ ಕೆಲಸ. ಅದಾದ ಮೇಲೆ? ಕೊಯಿಲು ಮುಗಿಯಿತೆಂದರೆ ಎಷ್ಟೋ ಗಂಡಸರಿಗೆ ವಾರಗಟ್ಟಲೆ ಕಟ್ಟೆಯೇ ಗತಿ. ಕಸುವು ಕಣಜದ ಭತ್ತದಂತಲ್ಲ, ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಕೆಲವೇ ವಾರ ಸುಮ್ಮನೆ ಕುಳಿತರೆ ಉಸಿರಿನ ಶಕ್ತಿ ಇಳಿಯುತ್ತದೆ, ಸ್ನಾಯು ಸಕ್ಕರೆ ಎಳೆದುಕೊಳ್ಳುವ ಗುಣವೂ ಕುಗ್ಗುತ್ತದೆ.

ಈ ಸಕ್ಕರೆಯ ಮಾತು ಗಮನಿಸಿ, ಹಿರಿಯರಿಗೆ ಉತ್ತರ ಇಲ್ಲಿದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದರ ದೊಡ್ಡ ಪಾಲನ್ನು ಬಳಸುವುದು ಸ್ನಾಯು, ಅದರಲ್ಲೂ ಕಾಲು-ತೊಡೆಯ ದೊಡ್ಡ ಸ್ನಾಯು. ಸಾಮಾನ್ಯವಾಗಿ ಇನ್ಸುಲಿನ್ ಎಂಬ ರಸ ಬಾಗಿಲು ತೆರೆದರೆ ಮಾತ್ರ ಸಕ್ಕರೆ ಒಳಗೆ ಹೋಗುತ್ತದೆ. ಆದರೆ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಉಂಡ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆ ಅಷ್ಟು ಮೇಲೇರದಿರುವುದಕ್ಕೆ ಇದೇ ಕಾರಣ. ನಸುಕಿನ ವಾಕಿಂಗ್ ಬೇಕಿಲ್ಲ. ಮಧ್ಯಾಹ್ನ ಉಂಡು ಚಾಪೆ ಹಾಸುವ ಮೊದಲು, ರಾತ್ರಿ ಉಂಡ ಮೇಲೆ, ಅಂಗಳದಲ್ಲಿಯೇ ಮನೆಗೆ ಸುತ್ತು ಹಾಕಿ. ಕರಡಿಯ ಹಂಗೂ ಇಲ್ಲ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದುಕೊಳ್ಳಿ. ನಡೆಯುವಾಗ ಪಕ್ಕದವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು; ಅಷ್ಟು ಬಿರುಸು ಸಾಕು. ಒಮ್ಮೆಗೇ ಆಗಬೇಕೆಂದಿಲ್ಲ, ಐದೈದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. ಇದರ ಜೊತೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಬೇಕು. ಅರವತ್ತೈದು ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು. ಇದಕ್ಕೆ ಡಂಬೆಲ್ಸ್ ಕೊಳ್ಳಬೇಡಿ. ನೆಲದ ಮೇಲೆ ಕುಳಿತು ಕೈ ಊರದೆ ಎದ್ದು ನೋಡಿ. ಹತ್ತು ಸಲ ಆದರೆ ನಿಮ್ಮ ತೊಡೆ ಗಟ್ಟಿ ಇದೆ. ಆಗದಿದ್ದರೆ ಮಣೆಯ ಮೇಲೆ ಕುಳಿತು ಏಳಿ. ಕಂಬ ಹಿಡಿದು ಒಂಟಿಕಾಲಲ್ಲಿ ನಿಲ್ಲಿ, ತುದಿಗಾಲಲ್ಲಿ ಏರಿ ಇಳಿಯಿರಿ. ನಾಲ್ಕು ತಿಂಗಳ ಮಳೆಯಲ್ಲಿ ಜಗಲಿಯಲ್ಲಿಯೇ ಮಾಡಬಹುದು. ಗದ್ದೆಯಿಂದ ಬಂದ ದಿನ ಮಾತ್ರ ಸೊಂಟವನ್ನು ಹಿಂದಕ್ಕೆ ಬಾಗಿಸಿ ಸಡಿಲ ಮಾಡಿ, ಮತ್ತೆ ಬಗ್ಗುವ ಕೆಲಸ ಬೇಡ.

ಹೆಂಗಸರ ಮಾತು ಬೇರೆ. 2024ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಗಂಡಸರಲ್ಲಿ 42 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಈ ಸರಾಸರಿ ನಮ್ಮ ಮಜರೆಗಳ ಹೆಂಗಸಿಗೆ ಹೊಂದುತ್ತದೆಂದು ನಾನು ನಂಬಲಾರೆ. ನೀರು, ಕಟ್ಟಿಗೆ, ದರಕು, ಕೊಟ್ಟಿಗೆ, ನಾಟಿ, ಮತ್ತೆ ಒಲೆ. ಅವಳಿಗೆ ಕೊರತೆ ಇರುವುದು ವ್ಯಾಯಾಮದ್ದಲ್ಲ, ವಿಶ್ರಾಂತಿಯದು. ಕಟ್ಟೆಯ ಮೇಲೆ ಕುಳಿತ ಗಂಡಸು ದಿನಕ್ಕೆ ನಾಲ್ಕು ಕೊಡ ನೀರು ತಂದರೆ ಒಂದೇ ಕೆಲಸದಲ್ಲಿ ಇಬ್ಬರ ಆರೋಗ್ಯ ಸುಧಾರಿಸುತ್ತದೆ. ಇದನ್ನು ಓದಿ ಕೆಲವರು ಪುಟ ಮಗುಚುತ್ತಾರೆಂದು ಗೊತ್ತು, ಆದರೂ ಬರೆದಿದ್ದೇನೆ.

ದುಡಿಮೆ ಬೇರೆ, ಸಾಧನೆ ಬೇರೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ಉದಾಹರಣೆ ಇದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಕ್ಷೇತ್ರ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಸಮಾಜದ ಹುಡುಗ-ಹುಡುಗಿಯರನ್ನು ಆರಿಸಿಕೊಂಡಿತು. ಕಾಡಿನಲ್ಲಿ ಬೆಳೆದವರು, ಹುಟ್ಟಿನಿಂದಲೇ ಓಟಗಾರರು ಎಂದು ಎಲ್ಲರೂ ಕೊಂಡಾಡಿದರು. ಹುಟ್ಟುಗುಣವೊಂದೇ ಸಾಕಾಗಿದ್ದರೆ ಶಿಬಿರವೇ ಬೇಕಿರಲಿಲ್ಲ. ದಿನವೂ ಅಳೆದು ತೂಗಿದ ಅಭ್ಯಾಸ, ಊಟ, ನಿದ್ದೆ ಸಿಕ್ಕಿದ್ದರಿಂದಲೇ ಅವರಲ್ಲಿ ಕೆಲವರು ರಾಷ್ಟ್ರಮಟ್ಟದ ಪದಕ ಗೆದ್ದರು. 1993ರಲ್ಲಿ ಯೋಜನೆ ನಿಂತಿತು. ಹಲವರು ಊರಿಗೆ ಮರಳಿ ಕೂಲಿಗೆ ಹೋದರು. ಮೈ ಅದೇ, ಬೆವರೂ ಕಡಿಮೆಯಾಗಲಿಲ್ಲ. ಪದಕ ಮಾತ್ರ ನಿಂತುಹೋಯಿತು. ಹಳಿಯಾಳ, ಮುಂಡಗೋಡ, ಜೋಯಿಡಾದ ಶಾಲೆಗಳ ಆಟದ ಪಿರಿಯಡ್ಡನ್ನು ಲೆಕ್ಕದ ಪಾಠಕ್ಕೆ ಕೊಟ್ಟುಬಿಡುವ ಗುರುಗಳು ಈ ಕತೆಯನ್ನು ನೆನಪಿನಲ್ಲಿಡಬೇಕು.

ಇಷ್ಟೊಂದು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಎದೆ ಹಿಡಿದುಕೊಂಡ ಮೇಲೆ ಕುಂಬಾರವಾಡದವನ ದಾರಿ ದೂರ. ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕು, ಇಲ್ಲವೇ ಕಾಡು ದಾಟಿ ಧಾರವಾಡ-ಹುಬ್ಬಳ್ಳಿಯ ಕಡೆಗೆ. ಒಳಮಜರೆಯವರು ರಸ್ತೆ ಮುಟ್ಟುವುದೇ ಒಂದು ಪ್ರಯಾಣ. ಜಿಲ್ಲೆಗೊಂದು ಸುಸಜ್ಜಿತ ದೊಡ್ಡಾಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ಎಬ್ಬಿಸಿದ ಕೂಗು ನಿಮಗೆ ನೆನಪಿರಬಹುದು. ಆ ಕೂಗು ನ್ಯಾಯವಾದದ್ದು. ಅಂಗಳದ ಸುತ್ತು ಆಸ್ಪತ್ರೆಗೆ ಬದಲಿಯಲ್ಲ, ಸರಕಾರ ಹಾಗೆಂದು ಹೇಳಿದರೆ ಒಪ್ಪಲೂ ಬೇಡಿ. ಆದರೆ ಆಸ್ಪತ್ರೆ ದೂರವಿರುವವನು ರಕ್ತದೊತ್ತಡ, ಸಕ್ಕರೆ ಎಷ್ಟಿದೆಯೆಂದು ಮೊದಲೇ ತಿಳಿದುಕೊಂಡಿರಬೇಕು. ಏರು ಹತ್ತುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುತ್ತಿದ್ದರೆ ಅದು ಗ್ಯಾಸು ಎಂದು ಸೋಡಾ ಕುಡಿದು ಮಲಗಬೇಡಿ. ಅಂದೇ ಡಾಕ್ಟರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬೇಡಿ, ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಉಣುಗು ಹೆಚ್ಚು. ಮಂಗನಕಾಯಿಲೆ ಹರಡುವ ಕಾಲವದು, ನಡೆಯಲೆಂದು ದರಕು ಬಿದ್ದ ಕಾಡಿಗೆ ನುಗ್ಗಬೇಡಿ.

ಕೊನೆಗೆ ಉಳವಿಯ ಮಾತು. ಭಾರತ ಹುಣ್ಣಿಮೆಯ ಜಾತ್ರೆಗೆ ಚನ್ನಬಸವಣ್ಣನ ಸಮಾಧಿಯವರೆಗೆ ನಡೆದೇ ಬರುವ ಹರಕೆ ಹಲವರದು. ವರ್ಷವೆಲ್ಲ ಬೈಕಿನ ಮೇಲಿದ್ದು, ಆ ನಾಲ್ಕು ದಿನ ಒಮ್ಮೆಗೇ ನಡೆದು ಕಾಲು ಬಾತು, ಮಂಡಿ ಹಿಡಿದುಕೊಂಡು ದಾರಿಬದಿಯಲ್ಲಿ ಕುಳಿತವರನ್ನು ಪ್ರತಿ ವರ್ಷ ಕಾಣುತ್ತೇವೆ. ಈ ಸಲ ಹರಕೆ ಇದ್ದವರು ಎರಡು ತಿಂಗಳ ಮೊದಲೇ ಶುರು ಮಾಡಿ. ಮೊದಲ ವಾರ ದಿನಕ್ಕೆ ಒಂದು ಮೈಲಿ, ಆಮೇಲೆ ವಾರವಾರ ಅರ್ಧ ಮೈಲಿ ಹೆಚ್ಚಿಸುತ್ತ ಹೋಗಿ. ಜಾತ್ರೆಗೆ ಹಾಕುವ ಚಪ್ಪಲಿಯನ್ನೇ ಈಗಲೂ ಹಾಕಿ ನಡೆಯಿರಿ. ಇಂದು ವಾಚನಾಲಯಕ್ಕೆ ಬೈಕಿನಲ್ಲಿ ಬಂದಿದ್ದರೆ, ನಾಳೆ ಅದನ್ನು ಮನೆಯಲ್ಲಿ ಬಿಟ್ಟು ಬನ್ನಿ.